ಸೆವ್ರಿನ್ ಬಾಯಿಯ ಇಪ್ಪತ್ತೆರಡು

ಸೆವ್ರಿನ್ ಬಾಯಿಗೆ ಪುತ್ತೂರಿನಲ್ಲಿ ಎರಡು ಹೆಸರುಗಳಿದ್ದವು. ಜ್ಞಾನಸ್ನಾನದಲ್ಲಿ ಪಾದ್ರಿಗಳು ಇಟ್ಟದ್ದು ಸೆವ್ರಿನ್. ಒಲೆಯ ಬದಿಯಲ್ಲಿ ಊರವರು ಇಟ್ಟದ್ದು ಸೇಮಿಗೆ ಬಾಯಿ. ಮದುವೆಯ ಮರುದಿನದ ತಿಂಡಿಗೋ, ಬಾಣಂತಿಯನ್ನು ನೋಡಲು ಬರುವ ನೆಂಟರಿಗೋ, ಯಾರ ಮನೆಯಲ್ಲಿ ಒತ್ತು ಸೇಮಿಗೆ ಆಗಬೇಕಾದರೂ ಅವರಿಗೆ ಕರೆ ಹೋಗುತ್ತಿತ್ತು. ಬೆಂದ ಅಕ್ಕಿಯ ಮುದ್ದೆಯನ್ನು ಮರದ ಮಣೆಗೆ ತುಂಬಿ, ಮೇಲಿನ ಹಿಡಿಯ ಮೇಲೆ ಇಡೀ ಮೈಭಾರ ಹಾಕಿ ಒತ್ತುವ ಕೆಲಸ ಅದು. ಇಬ್ಬರು ಗಂಡಸರು ಮಾಡುವುದನ್ನು ಆಕೆ ಒಬ್ಬರೇ ಮಾಡುತ್ತಿದ್ದರು, ಮಾಡುತ್ತಾ ಮಾತೂ ಆಡುತ್ತಿದ್ದರು. ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸರ ಹೆಸರಿಗೆ ಗೌರವಕ್ಕೆಂದು ಸೇರಿಸುವ ‘ಬಾಯಿ’ ಅವರ ಮಟ್ಟಿಗೆ ಗೌರವವೂ ಹೌದು, ವರ್ಣನೆಯೂ ಹೌದು.

ಸಣ್ಣಂದಿನಲ್ಲೇ ತಾಯಿ ತೀರಿಕೊಂಡ ಕಾರಣ ಅವರು ಬೆಳೆದದ್ದು ಕಾನ್ವೆಂಟಿನ ಅಡುಗೆಮನೆಯಲ್ಲಿ. ಕಾನ್ವೆಂಟಿನಲ್ಲಿ ಕಲಿತ ನಮಗೆಲ್ಲ ಗೊತ್ತು, ಅಲ್ಲಿ ಪ್ರತಿಯೊಂದಕ್ಕೂ ನಂಬರು. ಮಂಚಕ್ಕೆ ನಂಬರು, ತಟ್ಟೆಗೆ ನಂಬರು, ತಪ್ಪಿಗೂ ನಂಬರು. ಹಾಗೆಯೇ ಕೀರ್ತನೆಗಳಿಗೂ. ದೇವರು ನನ್ನನ್ನು ನೋಡಿಕೊಳ್ಳುತ್ತಾನೆ, ನನಗೆ ಏನೂ ಕಡಮೆಯಾಗದು, ಹಸುರಿನಲ್ಲಿ ಮಲಗಿಸುತ್ತಾನೆ, ಸಾವಿನ ಕತ್ತಲೆಯಲ್ಲಿ ನಡೆದರೂ ಹೆದರಿಕೆಯಿಲ್ಲ ಎಂಬ ಅರ್ಥದ ಕೀರ್ತನೆಯೊಂದುಂಟಲ್ಲ, ಅದನ್ನು ಸಿಸ್ಟರುಗಳು ಲ್ಯಾಟಿನ್‌ನಲ್ಲಿ ಹಾಡಿ, ಕೊಂಕಣಿಯಲ್ಲಿ ಬಿಡಿಸಿ ಹೇಳಿ, ನಂಬರು ಇಪ್ಪತ್ತೆರಡು ಎಂದು ಕಲಿಸಿದರು. ಸೆವ್ರಿನ್ ಬಾಯಿಗೆ ಓದಲು ಬರುತ್ತಿದ್ದದ್ದು ಅಷ್ಟಕ್ಕಷ್ಟೇ. ಆ ಕೀರ್ತನೆ ಬಾಯಿಪಾಠವಾಯಿತು. ಇಪ್ಪತ್ತೆರಡು ಎಂಬುದೇ ಅದರ ಹೆಸರಾಯಿತು.

ಕಾನ್ವೆಂಟಿನ ಮಾಡಿಗೆ ಹೊಸ ಹೆಂಚು ಹೊದೆಸಲು ಸೀಮೋನಪ್ಪ ಮೇಸ್ತ್ರಿ ಬಂದದ್ದು ೧೯೪೧ರ ಬೇಸಿಗೆಯಲ್ಲಿ. ಮಾಡು ಮಾಡಲು ಬಂದವರು ಮಾಡಬಾರದ್ದನ್ನು ಮಾಡಿದರು ಎಂದು ಸಿಸ್ಟರುಗಳು ಹೇಳುತ್ತಿದ್ದರಂತೆ. ಮಾಡಿದ್ದೇನೂ ಇಲ್ಲ, ಮೇಲಿದ್ದವರು ಕೆಳಗಿದ್ದವರನ್ನು ನೋಡಿದರು, ಅಷ್ಟೆ. ಆದರೆ ಸೀಮೋನಪ್ಪ ಪ್ರೊಟೆಸ್ಟಂಟ್. ಕಡಬದ ಹತ್ತಿರದ ಒಂದು ಸಣ್ಣ ಸಭೆಗೆ ಸೇರಿದ ಮನೆತನ. ಮದುವೆ ಅವರ ದೇವಾಲಯದಲ್ಲಿ ನಡೆಯಿತು. ಸೆವ್ರಿನ್ ಬಾಯಿಯ ಕೆಥೊಲಿಕ್ ಇಗರ್ಜಿಯವರ ಪಾಲಿಗೆ ಅದು ಮದುವೆಯೇ ಅಲ್ಲ. ಅಂದಿನಿಂದ ಅವರಿಗೆ ಅಲ್ಲಿ ಪ್ರಸಾದವೂ ಇಲ್ಲ, ಸತ್ತರೆ ಮಣ್ಣೂ ಇಲ್ಲ. ಇತ್ತ ಗಂಡನ ಸಭೆಗೆ ಸೇರುತ್ತೇನೆಂದು ಅವರು ಬಾಯಿಬಿಟ್ಟು ಹೇಳಲೂ ಇಲ್ಲ. ಹೀಗೆ ಎರಡೂ ಕಡೆಯವರ ಲೆಕ್ಕದಲ್ಲಿ ಅವರು ಇನ್ನೊಂದು ಕಡೆಯವರು. ಬದುಕಿರುವಾಗ ಇದರಿಂದ ದೊಡ್ಡ ತೊಂದರೆಯೇನೂ ಆಗಲಿಲ್ಲ. ಸೇಮಿಗೆಗೆ ಜಾತಿ ಇಲ್ಲ.

ಮಕ್ಕಳಾಗಲಿಲ್ಲ. ಗಂಡ ಸುಳ್ಯ, ಕಡಬ ಎಂದು ಮನೆ ಮನೆಗೆ ಹೆಂಚು ಹೊದೆಸುತ್ತ ತಿರುಗಿದರು, ಹೆಂಡತಿ ಪುತ್ತೂರಿನಲ್ಲಿ ಸೇಮಿಗೆ ಒತ್ತಿದರು. ೧೯೫೬ರಲ್ಲಿ ಸೀಮೋನಪ್ಪನವರಿಗೆ ಕ್ಷಯ ಹಿಡಿಯಿತು. ಆ ಕಾಲದಲ್ಲಿ ಆ ರೋಗದ ಹೆಸರು ಕೇಳಿದರೇ ನೆಂಟರು ಬಸ್ಸು ಹತ್ತುತ್ತಿದ್ದರು, ಬರುವ ಬಸ್ಸನ್ನಲ್ಲ. ಕಡಬದಲ್ಲಿದ್ದ ಅವರ ಅಕ್ಕ ಪ್ರಿಸ್ಕಿಲ್ಲಮ್ಮ ಒಂದು ಸಲ ಬಂದರು. ಬೇಲಿ ದಾಟುವ ತಡಮೆಯ ಆಚೆಯೇ ನಿಂತು, ಸೆರಗಿನಿಂದ ಮೂಗು ಮುಚ್ಚಿಕೊಂಡು, ತಂದಿದ್ದ ನೇಂದ್ರ ಬಾಳೆಗೊನೆಯನ್ನು ಕಂಬಕ್ಕೆ ಒರಗಿಸಿ, ಅಲ್ಲಿಂದಲೇ ಹಿಂದಿರುಗಿದರು.

ಸಂಜೆಯಾದರೆ ಸೀಮೋನಪ್ಪ ಹೆಂಡತಿಯನ್ನು ಕರೆಯುತ್ತಿದ್ದರು. “ಸೆವ್ರಿನ್, ನಿನ್ನ ಇಪ್ಪತ್ತೆರಡು ಹೇಳು.” ಆಕೆ ಕೊಂಕಣಿಯಲ್ಲಿ ಹೇಳುತ್ತಿದ್ದರು. ಸೀಮೋನಪ್ಪನವರ ಪುಸ್ತಕದಲ್ಲಿ ಆ ಕೀರ್ತನೆಯ ನಂಬರು ಇಪ್ಪತ್ತಮೂರು. ಅವರಿಗದು ಗೊತ್ತಿದ್ದಿರಲೇಬೇಕು. ಆದರೆ ಹೆಂಡತಿಯ ಲೆಕ್ಕ ತಿದ್ದಲು ಹೋಗುವವರ ಪೈಕಿ ಅವರಲ್ಲ. ೧೯೫೭ರ ಮಳೆಗಾಲದಲ್ಲಿ ತೀರಿಕೊಂಡರು. ಕಡಬದ ಹತ್ತಿರ ಅವರ ಅಪ್ಪ ಅಮ್ಮನ ಸಮಾಧಿಯ ಬದಿಯಲ್ಲೇ ಮಣ್ಣು ಮಾಡಿದರು. ಅಲ್ಲೇ ಎಡಗಡೆಯಲ್ಲಿ ಇನ್ನೊಬ್ಬರಿಗೆ ಆಗುವಷ್ಟು ಜಾಗ ಖಾಲಿ ಇತ್ತು.

ಮಣ್ಣು ಹಾಕಿ ಕೈ ತೊಳೆಯುತ್ತಿದ್ದಾಗ ಸೆವ್ರಿನ್ ಬಾಯಿ ಸಭೆಯ ಬೋಧಕರನ್ನು ಕೇಳಿದರು. “ಅಯ್ಯನವರೇ, ಆ ಬದಿಯ ಜಾಗ ನನಗೆ ಇಡ್ಲಿಕ್ಕೆ ಆಗ್ತದಾ?”

ಬೋಧಕರು ಹೊಸಬರು, ಚಿಕ್ಕ ಪ್ರಾಯದವರು. “ಅದು ಹಿರಿಯರ ಸಭೆಯಲ್ಲಿ ತೀರ್ಮಾನ ಆಗಬೇಕಮ್ಮ. ನೀವು ನಮ್ಮ ಸಭೆಗೆ ಸೇರಿದವರಲ್ಲ ನೋಡಿ,” ಎಂದರು.

“ನಾನು ಎಲ್ಲಿಗೂ ಸೇರಿದವಳಲ್ಲ. ಅದಕ್ಕೇ ಕೇಳಿದ್ದು. ಇಗರ್ಜಿಯಲ್ಲಿ ನನಗೆ ಜಾಗ ಇಲ್ಲ. ಇಲ್ಲಿಯೂ ಇಲ್ಲದಿದ್ದರೆ ನನ್ನನ್ನು ಕುಮಾರಧಾರೆ ಹೊಳೆಗೆ ಬಿಡ್ತೀರಾ?”

ಬೋಧಕರು ವಿಷಯವನ್ನು ಹಿರಿಯರ ಮುಂದಿಟ್ಟರು. ಹಿರಿಯರಲ್ಲಿ ಹಿರಿಯರು ಪ್ರಿಸ್ಕಿಲ್ಲಮ್ಮನ ಗಂಡ. ಸಭೆಯನ್ನು ಅವರು ಆಳುತ್ತಿದ್ದರು, ಅವರನ್ನು ಪ್ರಿಸ್ಕಿಲ್ಲಮ್ಮ. ಮುಂದಿನ ವರ್ಷದ ಈಸ್ಟರ್ ಕಳೆದ ಮೇಲೆ ನೋಡುವುದೆಂದು ಮುಂದೆ ಹಾಕಿದರು.

ಈಸ್ಟರಿಗೆ ಮೊದಲು ಗಂಡನ ಸಮಾಧಿಗೆ ಒಂದು ಕಲ್ಲು ಇಡಿಸಬೇಕೆಂದು ಸೆವ್ರಿನ್ ಬಾಯಿ ಮೂಸಕುಂಞಿಯ ಹತ್ತಿರ ಹೋದರು. ಮೂಸಕುಂಞಿ ಅವರ ಓಣಿಯ ತುದಿಯಲ್ಲಿದ್ದ ಬ್ಯಾರಿ ಕಲ್ಲುಕುಟಿಗ. ಅರೆಯುವ ಕಲ್ಲು, ಮೆಟ್ಟಲು ಕಲ್ಲು, ಮಸೀದಿಯ ಬದಿಯ ಗೋರಿಗಳ ತಲೆದೆಸೆಗೆ ನಿಲ್ಲಿಸುವ ಮೀಸಾನ್ ಕಲ್ಲು, ಎಲ್ಲವನ್ನೂ ಕೆತ್ತುತ್ತಿದ್ದರು. ಮದರಸದಲ್ಲಿ ಕಲಿತ ಅಕ್ಷರ ಅವರದು. ಕನ್ನಡವನ್ನು ಚಿತ್ರ ಬರೆದ ಹಾಗೆ ನೋಡಿ ಕೆತ್ತುತ್ತಿದ್ದರು.

“ಬಾಯಮ್ಮ, ಕರಿಕಲ್ಲು ಇರುದು ಇದೊಂದೇ ತುಂಡು,” ಎಂದು ಮೆಟ್ಟಲಿಗೆಂದು ಕತ್ತರಿಸಿ ಉಳಿದಿದ್ದ ಕಲ್ಲನ್ನು ತೋರಿಸಿದರು. “ಹೆಸರು, ಹುಟ್ಟಿದ ವರ್ಷ, ಹೋದ ವರ್ಷ ಹಿಡಿಸೀತು. ಮತ್ತೆ ಎಂತ ಬೇಕು?”

“ಒಂದು ಕೀರ್ತನೆ ಬೇಕಿತ್ತು ಮೂಸಾಕ.”

“ಎಷ್ಟುದ್ದ ಉಂಟು?”

ಸೆವ್ರಿನ್ ಬಾಯಿ ಅಲ್ಲೇ ನಿಂತು ಇಡೀ ಕೀರ್ತನೆ ಹೇಳಿದರು. ಮೂಸಕುಂಞಿ ಉಳಿ ಕೆಳಗಿಟ್ಟು ಕೇಳಿದರು. “ಒಳ್ಳೇದುಂಟು ಮಾರಾಯ್ರೆ. ದಾವೂದ್ ನಬಿಯವರದ್ದಲ್ವಾ? ಅವರು ನಮಗೂ ಬೇಕಾದವರು. ಆದರೆ ಇಷ್ಟನ್ನು ಕೆತ್ತಬೇಕಾದರೆ ನಿಮಗೆ ಕಲ್ಲು ಸಾಲದು, ಬಂಡೆ ಬೇಕು.”

“ಹಾಗಾದರೆ ನಂಬರು ಹಾಕಿ. ಓದುವವರು ಪುಸ್ತಕದಲ್ಲಿ ನೋಡಿಕೊಳ್ಳಲಿ.”

ಪಕ್ಕದ ಮನೆಯ ಮೇಷ್ಟ್ರಿಂದ ಅಕ್ಷರ ಬರೆಸಿಕೊಂಡು ಮೂಸಕುಂಞಿ ಕೆತ್ತಿದರು. ಹೆಸರು, ವರ್ಷಗಳು, ಅದರ ಕೆಳಗೆ ‘ಕೀರ್ತನೆ ೨೨’. ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಿ, ಕಲ್ಲನ್ನು ಗೋಣಿಯಲ್ಲಿ ಸುತ್ತಿ ಒಯ್ದು ನಿಲ್ಲಿಸಿಯೂ ಬಂದರು. ಕೂಲಿ ಬೇಡ, ಮಗಳ ಮದುವೆಗೆ ಸೇಮಿಗೆ ಒತ್ತಿಕೊಡಿ ಎಂದರು.

ಈಸ್ಟರ್ ಬೆಳಿಗ್ಗೆ ಸೂರ್ಯ ಮೂಡುವ ಮೊದಲು ಸಭೆಯವರೆಲ್ಲ ಸ್ಮಶಾನಕ್ಕೆ ಹೋಗಿ, ಸಮಾಧಿಗಳ ನಡುವೆ ನಿಂತು ಪ್ರಾರ್ಥನೆ ಮಾಡುವುದು ಅವರ ಕ್ರಮ. ಪ್ರಾರ್ಥನೆ ಮುಗಿದ ಮೇಲೆ ಯಾರ ಸಮಾಧಿಗೆ ಎಷ್ಟು ಹೂವು ಬಿದ್ದಿದೆ, ಯಾರದ್ದಕ್ಕೆ ಹೊಸ ಕಲ್ಲು ಬಂದಿದೆ ಎಂದು ನೋಡಿಕೊಂಡು ಬರುವುದೂ ಕ್ರಮವೇ. ಸೆವ್ರಿನ್ ಬಾಯಿ ಆ ಹೊತ್ತು ಪುತ್ತೂರಿನಲ್ಲಿ ಯಾರದೋ ಮನೆಯ ಈಸ್ಟರಿಗೆ ಸೇಮಿಗೆ ಒತ್ತುತ್ತಿದ್ದರು. ಇತ್ತ ಸ್ಮಶಾನದಲ್ಲಿ ಸೀಮೋನಪ್ಪನ ಕಲ್ಲಿನ ಮುಂದೆ ಜನ ನಿಂತರು.

“ಇಪ್ಪತ್ತೆರಡು ಯಾವುದು?” ಎಂದು ಯಾರೋ ಕೇಳಿದರು. ಕೈಯಲ್ಲಿ ಪುಸ್ತಕವಿದ್ದವರೊಬ್ಬರು ತೆರೆದು ಗಟ್ಟಿಯಾಗಿ ಓದಿದರು.

ಪ್ರೊಟೆಸ್ಟಂಟರ ಪುಸ್ತಕದಲ್ಲಿ ಇಪ್ಪತ್ತೆರಡೆಂದರೆ ಬೇರೆಯೇ ಕೀರ್ತನೆ. ದೇವರೇ ನನ್ನನ್ನು ಯಾಕೆ ಕೈಬಿಟ್ಟೆ, ಎಷ್ಟು ಕೂಗಿದರೂ ಯಾಕೆ ದೂರ ನಿಂತೆ ಎಂದು ಅಳುವ ಕೀರ್ತನೆ. ಎಲುಬುಗಳನ್ನೆಲ್ಲ ಎಣಿಸಬಹುದಾದಷ್ಟು ಬಡಕಲಾದವನ ಅಳು. ಕ್ಷಯದಲ್ಲಿ ಸತ್ತವನ ಸಮಾಧಿಯ ಮುಂದೆ, ಬೆಳಗ್ಗಿನ ತಂಪಿನಲ್ಲಿ ಅದನ್ನು ಕೇಳಿದವರೆಲ್ಲರ ಕಣ್ಣೂ ನಿಧಾನವಾಗಿ ಒಂದೇ ಕಡೆ ತಿರುಗಿತು. ಪ್ರಿಸ್ಕಿಲ್ಲಮ್ಮನ ಕಡೆ.

ಪ್ರಿಸ್ಕಿಲ್ಲಮ್ಮ ಅದೇ ದಿನ ಮಧ್ಯಾಹ್ನದ ಬಸ್ಸಿಗೆ ಪುತ್ತೂರಿಗೆ ಬಂದರು. ಈ ಸಲ ತಡಮೆಯಲ್ಲಿ ನಿಲ್ಲಲಿಲ್ಲ. ಸೀದಾ ಅಡುಗೆಮನೆಗೇ ನುಗ್ಗಿದರು.

“ಎಂತ ಸೆವ್ರಿನ್, ಊರಿಡೀ ಡಂಗುರ ಸಾರಿಯಾಯ್ತಲ್ಲ, ಸಮಾಧಾನ ಆಯ್ತಾ?”

“ಎಂತ ಡಂಗುರ ಅತ್ತಿಗೆ? ಕೂತ್ಕೊಳ್ಳಿ ಮೊದಲು.”

“ಕೂತ್ಕೊಳ್ಳುದಾ! ಕೈಬಿಟ್ಟದ್ದು ಯಾರು ಅಂತ ಕಲ್ಲಿನಲ್ಲಿ ಬರೆಸಿದ್ದಿ. ನಾನು ಮೂರು ಮಕ್ಕಳ ತಾಯಿ. ಆ ರೋಗದ ಮನೆಗೆ ಹೇಗೆ ಬರುದು ನಾನು? ಮಾತಿನಲ್ಲಿ ಹೇಳಿದ್ದರೆ ಕೇಳಿ ಬಿಡುತ್ತಿದ್ದೆ. ಕಲ್ಲಿನಲ್ಲಿ ಯಾಕೆ?”

“ಅತ್ತಿಗೆ, ನಾನು ಬರೆಸಿದ್ದು ದೇವರು ಎಲ್ಲಾ ನೋಡಿಕೊಳ್ತಾನೆ ಅಂತ ಇರುವ ಕೀರ್ತನೆ. ಅವರು ದಿನಾ ನನ್ನ ಹತ್ತಿರ ಹೇಳಿಸುತ್ತಿದ್ದದ್ದು.”

“ಅದು ಇಪ್ಪತ್ತಮೂರು! ನಮ್ಮ ಸಣ್ಣ ಮಕ್ಕಳಿಗೂ ಗೊತ್ತುಂಟು. ದೇವರು ನನ್ನ ಕುರುಬ ಅಂತ ಶುರುವಾಗುದು.”

“ನಮ್ಮದರಲ್ಲಿ ಕುರುಬ ಇಲ್ಲ. ದೇವರು ನನ್ನನ್ನು ಆಳ್ತಾನೆ ಅಂತ ಉಂಟು.”

“ನೋಡು, ನಿಮ್ಮ ದೇವರು ಆಳುದು, ನಮ್ಮ ದೇವರು ಮೇಯಿಸುದು. ಎಷ್ಟು ವ್ಯತ್ಯಾಸ ಉಂಟು!”

“ನಿಮ್ಮ ತಮ್ಮನನ್ನು ಆಳಿದ್ದೂ ನಾನೇ, ಮೇಯಿಸಿದ್ದೂ ನಾನೇ,” ಎಂದರು ಸೆವ್ರಿನ್ ಬಾಯಿ. “ನನಗೆ ಅಷ್ಟು ವ್ಯತ್ಯಾಸ ಕಾಣ್ಲಿಲ್ಲ.”

ಈ ಮಾತು ಆ ಹೊತ್ತಿಗೆ ಬೇಕಿರಲಿಲ್ಲ. ಪ್ರಿಸ್ಕಿಲ್ಲಮ್ಮ ಸೆರಗು ಕೊಡವಿದರು. “ಕಲ್ಲು ಇದ್ದ ಹಾಗೇ ಇದ್ದರೆ ಆ ಜಾಗದ ಆಸೆ ಬಿಡು. ಬರುವ ಭಾನುವಾರ ಹಿರಿಯರ ಮೀಟಿಂಗ್ ಉಂಟು. ನಮ್ಮವರು ಎಂತ ಹೇಳ್ತಾರೆ ಅಂತ ನಾನು ಈಗಲೇ ಹೇಳ್ತೇನೆ: ಇಲ್ಲ ಅಂತ ಹೇಳ್ತಾರೆ.”

ಅವರು ಹೋದ ಮೇಲೆ ಸೆವ್ರಿನ್ ಬಾಯಿ ಒಲೆಯ ಮುಂದೆ ಕೂತರು. ತಪ್ಪು ಎಲ್ಲಾಯಿತೆಂದು ಅವರಿಗೆ ತಿಳಿಯಲೇ ಇಲ್ಲ. ಕಾನ್ವೆಂಟಿನ ಸಿಸ್ಟರುಗಳು ಹಾಲಿನ ಲೆಕ್ಕದಲ್ಲಿ ಕೂಡ ತಪ್ಪಿದವರಲ್ಲ, ಕೀರ್ತನೆಯ ಲೆಕ್ಕದಲ್ಲಿ ತಪ್ಪುತ್ತಾರೆಯೇ?

ಎರಡು ದಿನ ಕಳೆದು ಬೋಧಕರು ಬಂದರು, ಸೈಕಲಿನ ಹಿಂದೆ ಎರಡು ದಪ್ಪ ಪುಸ್ತಕ ಕಟ್ಟಿಕೊಂಡು. ಒಂದು ಅವರ ಕನ್ನಡದ್ದು, ಇನ್ನೊಂದು ಲ್ಯಾಟಿನ್‌ನದ್ದು, ಪರಿಚಯದ ಕೆಥೊಲಿಕ್ ಪಾದ್ರಿಗಳೊಬ್ಬರಿಂದ ಕೇಳಿ ತಂದದ್ದು. ಸೇಮಿಗೆ ಮಣೆಯನ್ನು ಬದಿಗೆ ಸರಿಸಿ ಬೆಂಚಿನ ಮೇಲೆ ಎರಡನ್ನೂ ತೆರೆದಿಟ್ಟರು.

“ಅಮ್ಮ, ನೀವೂ ಸರಿ, ಅವರೂ ಸರಿ,” ಎಂದರು. “ಇದು ಮೊದಲು ಇದ್ದದ್ದು ಹೀಬ್ರೂ ಭಾಷೆಯಲ್ಲಿ. ಅದರಲ್ಲಿ ಒಂಬತ್ತು ಮತ್ತು ಹತ್ತು ಅಂತ ಎರಡು ಬೇರೆ ಬೇರೆ ಕೀರ್ತನೆ. ಗ್ರೀಕಿಗೆ ತಂದವರು ಎರಡನ್ನೂ ಒಂದೇ ಅಂತ ಕೂಡಿಸಿದರು. ಹಾಗಾಗಿ ಅಲ್ಲಿಂದ ಮುಂದೆ ಅವರ ನಂಬರು ಒಂದು ಕಡಮೆ. ಲ್ಯಾಟಿನ್‌ನವರು ಗ್ರೀಕನ್ನು ಹಿಡಿದರು, ನೀವು ಲ್ಯಾಟಿನನ್ನು ಹಿಡಿದಿರಿ. ನಾವು ಹೀಬ್ರೂ ಲೆಕ್ಕ ಹಿಡಿದೆವು.”

“ಒಬ್ಬ ಎಲ್ಲೋ ಎರಡು ಹಾಡು ಕೂಡಿಸಿದ್ದಕ್ಕೆ ನನಗೆ ಕಡಬದಲ್ಲಿ ಜಾಗ ಇಲ್ಲವಾ?”

“ಹಾಗೇ ಆಗಿದೆ,” ಎಂದರು ಬೋಧಕರು, ನಗಬೇಕೋ ಬೇಡವೋ ತಿಳಿಯದೆ. “ಮಾತೂ ಹಾಗೆಯೇ. ಮೂಲದಲ್ಲಿ ಕುರಿ ಕಾಯುವವ ಅಂತ ಉಂಟು. ಲ್ಯಾಟಿನ್‌ಗೆ ಬರುವಾಗ ಅವನು ಆಳುವವನಾದ.”

ಕನ್ನಡದಲ್ಲಂತೂ ಇದು ಇನ್ನೂ ಕಷ್ಟ. ಆಳುವವನೂ ‘ಆಳು’ವವನೇ, ಕೂಲಿಯವನೂ ‘ಆಳು’. ದೇವರು ಆಳುತ್ತಾನೆಂದರೆ ಒಡೆಯನೋ, ಕೆಲಸದಾಳೋ ಎಂದು ಕೇಳುವವರು ನಮ್ಮಲ್ಲಿ ಕಡಮೆಯಿಲ್ಲ. ಕುರುಬನೆಂದರೆ ಮತ್ತೊಂದು ಪೇಚು. ಪುತ್ತೂರಿನ ಮಳೆಗೆ ಕುರಿ ಬದುಕುವುದಿಲ್ಲ. ಇಲ್ಲಿ ಹೆಚ್ಚಿನವರು ಕುರಿಯನ್ನು ಕಂಡಿರುವುದು ಪುಸ್ತಕದ ಚಿತ್ರದಲ್ಲಿ ಮತ್ತು ಬೈಗುಳದಲ್ಲಿ.

“ನಿಮ್ಮ ಇಪ್ಪತ್ತೆರಡನ್ನು ಒಮ್ಮೆ ಓದಿ. ಅತ್ತಿಗೆಗೆ ಅಷ್ಟು ಯಾಕೆ ನೋವಾಯ್ತು ನೋಡುವ,” ಎಂದರು ಸೆವ್ರಿನ್ ಬಾಯಿ.

ಬೋಧಕರು ಓದಿದರು. ನೀರಿನ ಹಾಗೆ ಚೆಲ್ಲಿಹೋಗಿದ್ದೇನೆ, ಬಾಯಿ ಓಡಿನ ಹಾಗೆ ಒಣಗಿದೆ, ಹತ್ತಿರ ಯಾರೂ ಇಲ್ಲ ಎಂಬ ಅರ್ಥದ ಸಾಲುಗಳು ಬಂದಾಗ ಸೆವ್ರಿನ್ ಬಾಯಿ ಕೈ ಎತ್ತಿ ನಿಲ್ಲಿಸಿದರು.

“ಇದು ಅವರು ಹೇಳಿದ್ದೇ,” ಎಂದರು. “ಕೊನೆಯ ತಿಂಗಳು ಇದೇ ಮಾತು. ಓಡಿನ ಲೆಕ್ಕ ಅವರಿಗೆ ಗೊತ್ತಿತ್ತಲ್ಲ, ಹೆಂಚಿನ ಮೇಸ್ತ್ರಿ.” ಬದಿಗೆ ಸರಿಸಿದ್ದ ಸೇಮಿಗೆ ಮಣೆಯನ್ನು ಸೆರಗಿನಿಂದ ಒರೆಸಿದರು. “ಇದನ್ನು ಅಷ್ಟು ಜನರ ಎದುರು ಕೇಳಿ ಅತ್ತಿಗೆ ಬಸ್ಸು ಹತ್ತಿ ಬಂದದ್ದು ತಪ್ಪಲ್ಲ.”

“ನಾನು ಹಿರಿಯರಿಗೆ ವಿವರಿಸುತ್ತೇನೆ. ನಿಮ್ಮ ಪುಸ್ತಕದ ಪ್ರಕಾರ ನಂಬರು ಸರಿಯೇ ಇದೆ. ಕಲ್ಲು ಬದಲಿಸಬೇಕಾದ್ದಿಲ್ಲ.”

“ಕಲ್ಲು ಓದುವವರು ನಿಮ್ಮವರು ಅಯ್ಯನವರೇ. ನೀವು ಅಲ್ಲಿ ದಿನಾ ನಿಂತು ಬಂದವರಿಗೆಲ್ಲ ಗ್ರೀಕು ಲ್ಯಾಟಿನು ಹೇಳ್ತೀರಾ? ಅತ್ತಿಗೆಯನ್ನು ಬೈಯಬೇಕಿದ್ದರೆ ನನಗೆ ಕಲ್ಲು ಬೇಕಾ? ಬಾಯಿ ಇಲ್ವಾ? ಇಪ್ಪತ್ತಮೂರೇ ಮಾಡುವ. ಇದ್ದ ಕಲ್ಲಿನಲ್ಲೇ ಆಗ್ತದಾ?”

ಬೋಧಕರು ಕಾಗದದ ಮೇಲೆ ೨ ಬರೆದರು, ಅದರ ನಡುವಿಗೆ ಒಂದು ಕೊಕ್ಕೆ ಸೇರಿಸಿದರು. ೩ ಆಯಿತು. “ಕೊನೆಯ ಎರಡಕ್ಕೆ ಇಷ್ಟು ಮಾಡಿದರೆ ಸಾಕು,” ಎಂದರು. ಒಂದೇ ಕೊಕ್ಕೆಯಲ್ಲಿ ಕೀರ್ತನೆ ಅಳುವುದನ್ನು ನಿಲ್ಲಿಸುತ್ತದೆಂದು ಸೆವ್ರಿನ್ ಬಾಯಿಗೆ ಸಮಾಧಾನವಾಯಿತು.

ಸಂಜೆ ಮೂಸಕುಂಞಿಗೆ ಆ ಕಾಗದ ಕೊಟ್ಟು, “ಕೊನೆಯದಕ್ಕೆ ಮಾತ್ರ ಮೂಸಾಕ, ಮೊದಲಿನದ್ದು ಇದ್ದ ಹಾಗೇ ಇರಲಿ,” ಎಂದರು.

“ಇಷ್ಟೇ ಅಲ್ವಾ? ಗುರುವಾರ ಹೋಗಿ ಮಾಡಿ ಬರ್ತೇನೆ. ಶನಿವಾರ ನೀವು ನೋಡ್ಲಿಕ್ಕೆ ಹೋಗುವಾಗ ನಾನೂ ಬರ್ತೇನೆ. ಕಲ್ಲು ಸರಿ ಕೂತಿದೆಯಾ ಅಂತ ನೋಡಬೇಕು.”

ಶನಿವಾರ ಸ್ಮಶಾನದಲ್ಲಿ ನಾಲ್ವರು ಸೇರಿದರು. ಸೆವ್ರಿನ್ ಬಾಯಿ, ಮೂಸಕುಂಞಿ, ಬೋಧಕರು, ಮತ್ತು ಮರುದಿನದ ಮೀಟಿಂಗಿಗೆ ಮೊದಲು ಕಣ್ಣಾರೆ ಕಾಣಬೇಕೆಂದು ಬಂದ ಪ್ರಿಸ್ಕಿಲ್ಲಮ್ಮ. ಅವರ ಕಂಕುಳಲ್ಲಿ ಅವರ ತಂದೆಯ ಕಾಲದ ಹಳೆಯ ಪುಸ್ತಕ.

ಕಲ್ಲಿನಲ್ಲಿ ಚೆಂದವಾಗಿ, ಅಚ್ಚು ಒತ್ತಿದ ಹಾಗೆ, ‘ಕೀರ್ತನೆ ೩೨’ ಎಂದಿತ್ತು.

ಬೋಧಕರು ಹಣೆ ಮುಟ್ಟಿಕೊಂಡರು. “ಬ್ಯಾರಿಗಳೇ, ಕೊನೆಯದಕ್ಕೆ ಅಂತ ಹೇಳಿದ್ದಲ್ವಾ?”

“ಕೊನೆಯದಕ್ಕೇ ಹಾಕಿದ್ದು.”

“ಇದು ಮೊದಲಿನದ್ದು!”

ಮೂಸಕುಂಞಿ ಕಲ್ಲನ್ನು ನೋಡಿದರು, ಬೋಧಕರನ್ನು ನೋಡಿದರು. “ಬಲದಿಂದ ಎಡಕ್ಕೆ ಬಂದರೆ ಕೊನೆಯದ್ದು ಇದೇ ಅಲ್ವಾ ಅಯ್ಯನವರೇ? ನಾನು ಹುಟ್ಟಿದಂದಿನಿಂದ ಬರೆದದ್ದೆಲ್ಲ ಎಡಕ್ಕೇ ಮುಗಿದದ್ದು.” ತಪ್ಪು ತಿಳಿದಾಗ ಅವರ ಮುಖ ಸಣ್ಣದಾಯಿತು. “ಕೆತ್ತಿದ್ದನ್ನು ತುಂಬಿಸ್ಲಿಕ್ಕೆ ಆಗುದಿಲ್ಲ. ಬೇಕಾದರೆ ಇನ್ನೊಂದಕ್ಕೂ ಒಂದು ಕೊಕ್ಕೆ ಹಾಕ್ತೇನೆ. ಮೂವತ್ತಮೂರು ಹೇಗುಂಟು?”

“ಬೇಡ, ಬೇಡ, ಉಳಿ ಒಳಗಿಡಿ,” ಎಂದರು ಬೋಧಕರು.

ಈ ಗಲಾಟೆಯ ನಡುವೆ ಪ್ರಿಸ್ಕಿಲ್ಲಮ್ಮ ಪುಸ್ತಕ ತೆರೆದದ್ದನ್ನು ಯಾರೂ ಗಮನಿಸಲಿಲ್ಲ. ಮೂವತ್ತೆರಡನ್ನು ಹುಡುಕಿ ಓದತೊಡಗಿದರು. ತಪ್ಪು ಕ್ಷಮಿಸಲ್ಪಟ್ಟವನು, ಪಾಪ ಮುಚ್ಚಿಹೋದವನು ಪುಣ್ಯವಂತ ಎಂಬ ಅರ್ಥದಲ್ಲಿ ಅದು ಶುರುವಾಗುತ್ತದೆ. ಮುಂದಿನ ಸಾಲಿನಲ್ಲಿ, ಹೇಳದೆ ಒಳಗೇ ಇಟ್ಟುಕೊಂಡಿದ್ದಾಗ ನನ್ನ ಎಲುಬುಗಳೇ ಸವೆದವು ಎಂದಿದೆ. ಅಲ್ಲಿಗೆ ಬಂದು ಅವರ ಸ್ವರ ನಿಂತಿತು. ಬೆರಳು ಮಾತ್ರ ಆ ಸಾಲಿನ ಕೆಳಗೇ ಇತ್ತು.

“ಸೆವ್ರಿನ್,” ಎಂದರು, ತಲೆ ಎತ್ತದೆ. “ನೀನು ಇದನ್ನು ಬೇಕು ಅಂತಲೇ ಹಾಕಿಸಿದ್ದಾ? ನನಗೆ?”

ಹೌದೆಂದಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತಿತ್ತು. ಬೋಧಕರು ಹೌದೆನ್ನಲಿ ಎಂಬಂತೆ ಸೆವ್ರಿನ್ ಬಾಯಿಯನ್ನು ನೋಡಿದರು. ಬೋಧಕರಾದ ಕಾರಣ ಕೂಡಲೇ ಬೇರೆ ಕಡೆ ನೋಡಿದರು.

“ಇಲ್ಲ ಅತ್ತಿಗೆ,” ಎಂದರು ಸೆವ್ರಿನ್ ಬಾಯಿ. “ಮೂಸಾಕನ ಕೈ ತಪ್ಪಿದ್ದು. ನಿಮ್ಮ ಇಪ್ಪತ್ತಮೂರೇ ಆಗಬೇಕಿತ್ತು. ಈಗ ಓದಿದಿರಲ್ಲ, ಅದರಲ್ಲಿ ಎಂತ ಉಂಟು ಅಂತ ನನಗೆ ಗೊತ್ತೂ ಇರಲಿಲ್ಲ.”

ಪ್ರಿಸ್ಕಿಲ್ಲಮ್ಮ ಬೆರಳನ್ನು ಮತ್ತೆ ಮೊದಲ ಸಾಲಿಗೆ ತಂದರು. ಆಮೇಲೆ ಬೋಧಕರ ಕಡೆ ತಿರುಗಿದರು. “ಅಯ್ಯನವರೇ, ಇಲ್ಲಿ ಪಾಪ ಮುಚ್ಚಿದವ ಅಂತ ಉಂಟು. ಮುಚ್ಚಿದ್ದು ಯಾರು? ಪಾಪ ಮಾಡಿದವನೇ ಮುಚ್ಚಿಟ್ಟದ್ದಾ?”

ಬೋಧಕರು ಅವರ ಭುಜದ ಮೇಲಿಂದ ಬಗ್ಗಿ ನೋಡಿದರು. “ನಿಮ್ಮ ಹಳೆಯ ಪುಸ್ತಕದಲ್ಲಿ ಎರಡೂ ಅರ್ಥ ಹೊರಡುತ್ತದಮ್ಮ. ನನ್ನದರಲ್ಲಿ, ದೇವರು ಮುಚ್ಚಿದ್ದು ಅಂತ ಸರಿಯಾಗಿ ತಿಳಿಯುತ್ತದೆ.”

“ನಾನು ಇಷ್ಟು ವರ್ಷ ಮೊದಲಿನ ಹಾಗೇ ಓದಿದ್ದು,” ಎಂದರು ಪ್ರಿಸ್ಕಿಲ್ಲಮ್ಮ. “ಮುಚ್ಚಿಟ್ಟರೆ ಆಯಿತು ಅಂತ.”

ಮೂಸಕುಂಞಿ ಬೋಧಕರ ತೋಳು ಹಿಡಿದು ಮೆಲ್ಲನೆ ಎಳೆದರು. “ಬನ್ನಿ ಅಯ್ಯನವರೇ, ಗೇಟಿನ ಹತ್ತಿರ ನೆರಳುಂಟು.” ಇಬ್ಬರೂ ಅತ್ತ ಹೋದರು. ಹೋಗುತ್ತಾ ಬೋಧಕರು ಹೇಳುವುದು ಕೇಳಿಸುತ್ತಿತ್ತು, ಹೀಬ್ರೂವನ್ನೂ ಬಲದಿಂದ ಎಡಕ್ಕೇ ಬರೆಯುವುದು, ನಿಮ್ಮ ದಾವೂದ್ ನಬಿ, ನಮ್ಮ ದಾವೀದ, ಬರೆದದ್ದೂ ಹಾಗೆಯೇ ಎಂದು. “ಮತ್ತೆ? ನಬಿಯವರು ತಪ್ಪಿ ಬರೆಯುತ್ತಾರಾ?” ಎಂದರು ಮೂಸಕುಂಞಿ.

ಇಬ್ಬರು ಹೆಂಗಸರು ಉಳಿದರು.

“ಆ ದಿನ ತಡಮೆಯಲ್ಲಿ ನಿಂತಿದ್ದಾಗ ಅವ ಒಳಗಿಂದ ‘ಅಕ್ಕಾ’ ಅಂತ ಕರೆದ,” ಎಂದರು ಪ್ರಿಸ್ಕಿಲ್ಲಮ್ಮ. “ನನಗೆ ಕೇಳಿತು ಸೆವ್ರಿನ್. ಕೇಳದ ಹಾಗೆ ಮಾಡಿ ಹೋದೆ.”

“ಗೊತ್ತುಂಟು. ನಿಮಗೆ ಕೇಳಿತು ಅಂತ ಅವರಿಗೂ ಗೊತ್ತಿತ್ತು.”

“ಎಂತ ಹೇಳಿದ?”

“ಎಂತ ಹೇಳುದು? ‘ಅಕ್ಕ ಒಳಗೆ ಬಾರದಿದ್ದದ್ದು ಒಳ್ಳೇದಾಯ್ತು, ಅವಳಿಗೆ ಮಕ್ಕಳುಂಟು’ ಅಂದರು. ಮತ್ತೆ ಬಾಳೆಹಣ್ಣು ಕೇಳಿ ತಿಂದರು. ಅವತ್ತು ಎರಡು ತಿಂದರು, ಅಷ್ಟು ದಿನ ಏನೂ ತಿನ್ನದವರು.”

“ಇದನ್ನು ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ?”

“ನೀವು ಕೇಳ್ಲಿಲ್ಲ ಅತ್ತಿಗೆ. ನೀವು ಬಂದದ್ದು ಜಗಳಕ್ಕೆ. ಜಗಳದ ನಡುವೆ ಇದನ್ನೆಲ್ಲ ಎಲ್ಲಿ ಹೇಳುದು?”

ಪ್ರಿಸ್ಕಿಲ್ಲಮ್ಮ ಪುಸ್ತಕ ಮಡಚಿ ತಮ್ಮನ ಸಮಾಧಿಯ ಕಟ್ಟೆಯ ಮೇಲಿಟ್ಟರು. ಕಣ್ಣು ಒರೆಸಿಕೊಂಡರು, ಮೂಗನ್ನೂ ಅದೇ ಸೆರಗಿನಲ್ಲಿ ಒರೆಸಿಕೊಂಡರು. ಆಮೇಲೆ ಅವರ ಸ್ವರ ಎಂದಿನದ್ದಾಯಿತು.

“ಕಲ್ಲನ್ನು ಇನ್ನು ಯಾರೂ ಮುಟ್ಟುದು ಬೇಡ. ಹೀಗೇ ಇರಲಿ.”

“ತಪ್ಪು ನಂಬರು ಅತ್ತಿಗೆ.”

“ಇರಲಿ ಅಂದೆನಲ್ಲ. ನಾಳೆ ಮೀಟಿಂಗಿನಲ್ಲಿ ನಮ್ಮವರು ಜಾಗ ಕೊಡುವ ಅಂತ ಹೇಳ್ತಾರೆ.”

“ಅವರನ್ನು ಕೇಳಿದ್ದೀರಾ?”

“ಅವರನ್ನು ಕೇಳುದು ಎಂತಕ್ಕೆ?” ಎಂದರು ಪ್ರಿಸ್ಕಿಲ್ಲಮ್ಮ, ನಿಜವಾಗಿಯೂ ಅರ್ಥವಾಗದೆ.

ಸಮಾಧಿಯ ಎಡಗಡೆಯ ಖಾಲಿ ಜಾಗದ ತುಂಬ ನಾಚಿಕೆ ಮುಳ್ಳು ಹಬ್ಬಿತ್ತು. ಪ್ರಿಸ್ಕಿಲ್ಲಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಬುಡ ಹಿಡಿದು ಕೀಳತೊಡಗಿದರು. ಎಲೆಗಳೆಲ್ಲ ಮುದುಡಿ ಮಲಗಿದವು, ಮುಳ್ಳು ಮಲಗಲಿಲ್ಲ.

“ಕೈಗೆ ಕುತ್ತುತ್ತದೆ ಅತ್ತಿಗೆ, ನಾನು ಮತ್ತೊಮ್ಮೆ ಕತ್ತಿ ತರ್ತೇನೆ.”

“ಕತ್ತಿ ಹಾಕಿದರೆ ಬೇರು ಉಳಿಯುತ್ತದೆ. ನೀನು ಆ ಬದಿಯಿಂದ ಕೀಳು. ಜಾಗ ನಿನ್ನದಲ್ವಾ, ನಾನೊಬ್ಬಳೇ ಕೀಳುದಾ?”

ಸೆವ್ರಿನ್ ಬಾಯಿ ಆ ಬದಿಗೆ ಹೋಗಿ ಕೂತರು.